ಬಣ್ಣದ ಮೇಲಿನ ಗಾಜು

ಕೆನ್ನೆಗೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ನೆಲ ಅಲುಗಿತು. ಮೊದಲು ಗೊತ್ತಾದದ್ದು ಮಗ್ಗಿನೊಳಗಿನ ನೀರಿಗೆ. ಅದು ಸಣ್ಣಗೆ ನಡುಗಿ, ಅಂಚಿನಿಂದ ನಡುವಿಗೆ ಬಳೆ ಬಳೆಯಾಗಿ ಸರಿಯಿತು. ಆಮೇಲೆ ಕನ್ನಡಿ ಮೊಳೆಯ ಮೇಲೆ ತೂಗಿತು. ಅದರೊಳಗಿನ ಅವನ ಮುಖ ಬಚ್ಚಲಿನಿಂದ ಹೊರಗೆ ಹೋಗಿ, ಏನೋ ಮರೆತವರಂತೆ ಮತ್ತೆ ಒಳಗೆ ಬಂತು. ಅವನು ಬ್ಲೇಡನ್ನು ಕೆನ್ನೆಯಿಂದ ಎತ್ತಲಿಲ್ಲ. ಎತ್ತಬೇಕೆಂದು ಹೊಳೆಯಲೂ ಇಲ್ಲ. ಹೆಂಡತಿ ಬಾಗಿಲ ಚೌಕಟ್ಟಿನಲ್ಲಿ ಎರಡೂ ಕೈ ಚಾಚಿ ನಿಂತಿದ್ದಳು, ಈ ಊರಿನಲ್ಲಿ ಎಲ್ಲರಿಗೂ ಚಿಕ್ಕಂದಿನಿಂದಲೇ ಅಭ್ಯಾಸವಾದ ಹಾಗೆ. "ಬಂತು" ಅಂದಳು. ಅವನು "ಹೂಂ" ಅಂದ. ಅಡುಗೆಮನೆಯ ಪಾತ್ರೆಗಳು ಒಂದಕ್ಕೊಂದು ತಾಕಿ ಸುಮ್ಮನಾದವು. "ಹೋಯ್ತು" ಅಂದಳು. ಬಸ್ಸು ಬಂದು ಹೋದ ಹಾಗೆ. ಆಮೇಲೆ ಅವಳು ತನ್ನ ಕಿವಿಯ ಕೆಳಗೆ ಬೆರಳು ಮುಟ್ಟಿ ತೋರಿಸಿದಳು. ಅವನು ಕನ್ನಡಿಯಲ್ಲಿ ನೋಡಿಕೊಂಡ. ಬಿಳಿ ನೊರೆಯ ಮೇಲೆ ಕೆಂಪು ಗೆರೆಯೊಂದು ದಾರಿ ಹುಡುಕುತ್ತಾ ಕುತ್ತಿಗೆಗೆ ಇಳಿಯುತ್ತಿತ್ತು. "ಉರೀತಿಲ್ವಾ?" ಅಂತ ಕೇಳಿದಳು. ಯೋಚಿಸಿ ನೋಡಿದ. ಇಲ್ಲ. ಬೇರೆ ಯಾರದೋ ಕೆನ್ನೆ ಕೊಯ್ದದ್ದನ್ನು ನೋಡುತ್ತಿರುವ ಹಾಗಿತ್ತು. "ಇಲ್ಲ" ಅಂದ. ಅವಳು ಹಳೆಯ ಪೇಪರಿನ ತುದಿ ಹರಿದು, ಗಾಯದ ಮೇಲೆ ಒತ್ತಿ ಹಿಡಿದಳು. ಅವಳ ಬೆರಳಿನಿಂದ ಪೌಡರಿನ ವಾಸನೆ ಬಂತು. ಅವಳು ಹಾಕಿಕೊಳ್ಳುವ ಪೌಡರಲ್ಲ, ಎಳೆಮಕ್ಕಳ ಪೌಡರು. ಎಲ್ಲಿಂದ ಅಂತ ಅವನು ಕೇಳಲಿಲ್ಲ. ಆ ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳದೆ ಬಿಟ್ಟ ಸಂಗತಿಗಳು ಮೂಲೆ ಮೂಲೆಯಲ್ಲೂ ಕೂತಿದ್ದವು, ಇನ್ನೊಂದಕ್ಕೂ ಜಾಗವಿತ್ತು.

"ಏನ್ ಸಾರ್, ಇವತ್ತು ಮುಖಕ್ಕೇ ಅಂಟಿಸ್ಕೊಂಡಿದೀರಾ?" ಅಂದ ಜೀಪಿನ ಡ್ರೈವರ್, ಅವನ ಕೆನ್ನೆಯ ಪೇಪರ್ ಚೂರನ್ನು ಕಂಡು. "ಬಿರುಕು ದೊಡ್ಡದಾಗುತ್ತಾ ಅಂತ ನೋಡೋಕಾ?" ಅವನು ನಕ್ಕ. ನಗಬೇಕಾದ ಜಾಗ ಯಾವುದೆಂದು ಅವನಿಗೆ ಈಗಲೂ ಗೊತ್ತಾಗುತ್ತಿತ್ತು, ಅದೊಂದು ಅನುಕೂಲ. ತೊಡೆಯ ಮೇಲೆ ಗಾಜಿನ ಪಟ್ಟಿಗಳ ಕಟ್ಟು ಇತ್ತು, ಪೇಪರಿನಲ್ಲಿ ಸುತ್ತಿ ದಾರ ಬಿಗಿದದ್ದು. ಕಾಲ ಬುಡದಲ್ಲಿ ಗಾರೆಯ ಡಬ್ಬ, ಕರಣೆ, ನೀರಿನ ಬಾಟಲಿ. ಅವನ ಕೆಲಸವೇ ಅದು. ಹಳೆಯ ಕಟ್ಟಡಗಳಲ್ಲಿ ಎಲ್ಲಿ ಗೋಡೆ ಬಿರಿದಿದೆಯೋ ಅಲ್ಲಿ, ಬಿರುಕಿಗೆ ಅಡ್ಡಲಾಗಿ ಬೆರಳಗಲದ ತೆಳುಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿ ಕೂರಿಸುವುದು. ಗಾರೆ ಹಸಿಯಿದ್ದಾಗಲೇ ಮೊಳೆಯ ತುದಿಯಿಂದ ತಾರೀಕು ಗೀಚುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಆ ಬಿರುಕು ಹಳೆಯದು, ಸತ್ತದ್ದು, ಅದರ ಜೊತೆ ಬಾಳಬಹುದು. ನೆಲ ಅಲುಗಿದ ದಿನ ಹೊತ್ತು ಮುಳುಗುವುದರೊಳಗೆ ತನ್ನ ಪಾಲಿನ ಗಾಜುಗಳನ್ನೆಲ್ಲ ನೋಡಿ ಬರಬೇಕು. ಜನ ಅವನನ್ನು ಗಾಜಿನಯ್ಯ ಅನ್ನುತ್ತಿದ್ದರು. ಕೆಲವರು ಅವನನ್ನು ಕಂಡರೆ ಬಾಗಿಲು ಹಾಕುತ್ತಿದ್ದರು. ಗೋಡೆ ಒಡೆದದ್ದು ಅವನಿಂದಲೇ ಅನ್ನುವ ಹಾಗೆ.

ಇಂಜಿನಿಯರ್ ಮೇಡಂ ಒಮ್ಮೆ ಊರಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಪೆನ್ಸಿಲಿನಿಂದ ಒಂದು ಗೆರೆ ಎಳೆದು ತೋರಿಸಿದ್ದರು. ಬಸ್ ನಿಲ್ದಾಣದ ಕೆಳಗೆ, ಸಿನಿಮಾ ಮಂದಿರದ ಕೆಳಗೆ, ಹೆಣ್ಣುಮಕ್ಕಳ ಶಾಲೆಯ ಮೈದಾನದ ಕೆಳಗೆ. "ಇಲ್ಲಿ ಎರಡು ಬಂಡೆ ಇವೆ ಅಂದ್ಕೊಳ್ಳಿ. ಒಂದನ್ನೊಂದು ಉಜ್ಜಿಕೊಂಡು ಸರೀಬೇಕು. ಸರಿಯೋಕಾಗ್ದೆ ಹಲ್ಲು ಕಚ್ಚಿಕೊಂಡು ಕೂತಿವೆ. ಆಗಾಗ ಒಂದಿಷ್ಟು ಅಲುಗೋ ಜಾಗದ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಮಿಸುಕಾಡ್ದೆ ಇರೋ ಜಾಗ ನೋಡಿದ್ರೇನೇ ಭಯ." ಅವನು ತಲೆಯಾಡಿಸಿದ್ದ. ಪೆನ್ಸಿಲು ಮುಂದೆ ಹೋಗಿ ಹೆರಿಗೆ ಆಸ್ಪತ್ರೆಯ ಚೌಕದ ಹತ್ತಿರ ನಿಂತಿತ್ತು. ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ಬೆಂಚು, ಬೆಂಚಿನ ಎದುರು ಗೋಡೆ, ಗೋಡೆಯಲ್ಲಿ ಮರದ ಬೇರಿನಂಥ ಒಂದು ಬಿರುಕು. ಹೆಂಡತಿಯ ಹೆರಿಗೆಯ ದಿನ ಡಾಕ್ಟರು ಬಂದು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದಾಗ ಅವನು ಆ ಬಿರುಕನ್ನೇ ನೋಡುತ್ತಿದ್ದ. ಇದು ಗೋಡೆಯದ್ದಲ್ಲ, ಗಾರೆ ಒಣಗುವಾಗ ಬಿಟ್ಟದ್ದು, ಭಯವಿಲ್ಲ ಅಂತ ಲೆಕ್ಕ ಹಾಕುತ್ತಿದ್ದ. ಆಮೇಲೆ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದು ಅವನ ಕೈಗೆ ಕೊಟ್ಟರು. ಗಾಜಿನ ಕಟ್ಟನ್ನು ಹಿಡಿಯುವ ಹಾಗೆ ಹಿಡಿದುಕೊಂಡ. ಮೊಣಕೈ ಪಕ್ಕೆಗೆ ಒತ್ತಿ, ಎರಡೂ ಅಂಗೈ ಮೇಲೆ ಚಪ್ಪಟೆಯಾಗಿ. ಭಾರವೂ ಹೆಚ್ಚುಕಮ್ಮಿ ಅಷ್ಟೇ. "ಹಾಗಲ್ಲ, ಎದೆಗೆ ಒರಗಿಸಿಕೊಳ್ಳಿ" ಅಂದಿದ್ದಳು ನರ್ಸ್, ಮೆಲ್ಲಗೆ. ಹೇಗೆ ಹಿಡಿದರೇನು, ಅಳುವುದಂತೂ ಇಲ್ಲವಲ್ಲ ಅಂತ ಅವನಿಗೆ ಅನಿಸಿತ್ತು. ಅದನ್ನು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಅವನ ಮೇಲೆ ಅವನಿಗೇ ಒಂಥರಾ ಮೆಚ್ಚುಗೆ ಕೂಡ ಆಗಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿ ದಿನಗಟ್ಟಲೆ ಅತ್ತಳು. ಅವನು ಹೊತ್ತು ಹೊತ್ತಿಗೆ ಟೀ ಮಾಡಿ ತಂದಿಟ್ಟ. ಬ್ರೆಡ್ಡು ತಂದ. ಹಾಸಿಗೆ ಒಗೆಸಿದ. ನೋಡಿದವರೆಲ್ಲ, ಗಂಡ ಅಂದ್ರೆ ಹೀಗಿರಬೇಕು ಅಂದರು.

ಅಕ್ಕ ಮಾತ್ರ ಹಾಗೆ ಅನ್ನಲಿಲ್ಲ. "ಲೋ ಪುಟ್ಟ, ನೀನು ಒಂದ್ಸಲ ಆದ್ರೂ ಬಾಯಿಬಿಟ್ಟು ಅತ್ತೆಯೇನೋ?" ಅಂತ ಕೇಳಿದ್ದಳು. ಅವನು, ಕೆಲಸ ಇದೆ ಅಕ್ಕ, ಅಂದಿದ್ದ.

ಜೀಪು ನಿಂತಿತು. ಮೊದಲನೆಯದು ಬಟ್ಟೆ ಅಂಗಡಿ. ಗಾಜು ನೆಟ್ಟಗಿತ್ತು. ಎರಡನೆಯದು ಒಂದು ಲಾಡ್ಜು. ಅಲ್ಲಿ ಭಾರ ಹೊರದ ಅಡ್ಡಗೋಡೆಯೊಂದರ ಗಾಜಿನ ನಡುವೆ ಸಣ್ಣ ಸೀಳು ಬಿದ್ದಿತ್ತು. ಮ್ಯಾನೇಜರ್ ಅವನ ಬೆನ್ನ ಹಿಂದೆಯೇ ನಿಂತು, "ನಿಮ್ಮ ಗಾರೆನೇ ಸರಿಯಿಲ್ಲ ಕಣ್ರೀ, ಅದಕ್ಕೇ ಒಡೆದಿದೆ. ಗಿರಾಕಿಗಳ ಮುಂದೆ ಹೀಗೆ ಕಣ್ಣು ಕಿರಿದು ಮಾಡ್ಕೊಂಡು ನೋಡ್ತಾ ನಿಲ್ಬೇಡಿ, ಹೆಣ ನೋಡೋಕೆ ಬಂದೋರ ಥರ" ಅಂದ. ಗಂಡ ಹೆಂಡಿರ ಜೋಡಿಯೊಂದು ಬ್ಯಾಗು ಹಿಡಿದು ಕೆಳಗಿಳಿದು ಬರುತ್ತಾ ಅವನ ಕೆನ್ನೆಯ ಪೇಪರನ್ನು ನೋಡಿ ಮುಖ ತಿರುಗಿಸಿಕೊಂಡಿತು. ಅವನಿಗೆ ಅವಮಾನವಾಗಬೇಕಿತ್ತು. ಆಗುವುದಕ್ಕೆ ಕಾದ, ಕಾಲು ಜೋಮು ಹಿಡಿದಾಗ ನೆಲಕ್ಕೆ ಕುಟ್ಟಿ ನೋಡುವ ಹಾಗೆ, ಮ್ಯಾನೇಜರನ ಮಾತನ್ನು ಮನಸ್ಸಿನೊಳಗೆ ಇನ್ನೊಮ್ಮೆ ಕುಟ್ಟಿ ನೋಡಿದ. ಏನೂ ಇಲ್ಲ. ಹಳೆಯ ಗಾಜು ಕಿತ್ತು, ಗೋಡೆಯ ಬಣ್ಣ ಹೋಗಿ ಒಳಗಿನ ಇಟ್ಟಿಗೆ ಕಾಣುವ ತನಕ ಕರಣೆಯಿಂದ ಕೆರೆದ. ಮ್ಯಾನೇಜರ್ ಬೊಬ್ಬೆ ಹಾಕಿದ: "ಅಯ್ಯೋ ಬಣ್ಣ! ಬಣ್ಣ ಹೋಗ್ತಿದೆ!" "ಗಾಜು ಬಣ್ಣದ ಮೇಲೆ ಕೂರೋದಲ್ಲ ಸಾರ್, ಗೋಡೆ ಮೇಲೆ ಕೂರಬೇಕು" ಅಂತ ಅವನು ಎಂದಿನಂತೆ ಹೇಳಿದ. ಬಾಯಿಪಾಠದ ಮಾತು. ಹೇಳಿದ ಮೇಲೆ ಕರಣೆ ಹಿಡಿದ ಕೈ ಗೋಡೆಯ ಮೇಲೆ ಹಾಗೇ ನಿಂತಿತು. ತಿಳಿಹಸಿರು ಬಣ್ಣವೊಂದು ಕಣ್ಣ ಮುಂದೆ ಬಂದು ಹೋಯಿತು. ಏನದು ಅಂತ ಆ ಕ್ಷಣಕ್ಕೆ ನೆನಪಾಗಲಿಲ್ಲ, ಅಥವಾ ನೆನಪಾಗುವುದು ಬೇಡವೆನಿಸಿತು. ಗಾರೆ ಕಲಸಿದ.

ಅಕ್ಕನ ಕಟ್ಟಡವನ್ನು ಅವನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜೀಪು ಆ ಗಲ್ಲಿಗೆ ತಿರುಗಿತು. ನಾಲ್ಕಂತಸ್ತಿನ ಹಳೇ ಕಟ್ಟಡ. ಕಿಟಕಿಗಳಿಗೆಲ್ಲ ಒದ್ದೆ ಬಟ್ಟೆ ನೇತುಹಾಕಿ, ಬಾಣಂತಿಯ ಕೋಣೆಯ ಹಾಗೆ ಕಾಣುತ್ತಿತ್ತು. ಮೆಟ್ಟಿಲ ಬಾಯಲ್ಲೇ ಟೈಲರ್ ಸಿಕ್ಕ. ಎರಡನೇ ಮಹಡಿಯ ಮುದುಕ. ಬಾಯಿಗಿಂತ ಹೊಲಿಗೆ ಮಿಷನ್ನೇ ಕಡಿಮೆ ಸದ್ದು ಮಾಡುತ್ತದೆ ಅಂತ ಅಕ್ಕ ಅವನನ್ನು ಛೇಡಿಸುತ್ತಿದ್ದಳು. "ಬಂದ್ರಪ್ಪ ಗಾಜಿನಯ್ಯ! ಮೆಟ್ಟಿಲ ಗಾಜು ಢಮಾರ್, ನೋಡ್ಕೊಳ್ಳಿ. ನಿಮ್ಮಕ್ಕನ ಮನೇದು ಮಾತ್ರ ಬಂಡೆ ಕಣ್ರೀ ಬಂಡೆ. ಬೆಳಿಗ್ಗೆ ಅಲುಗಿದ ತಕ್ಷಣ ಎಲ್ಲರೂ ಅಲ್ಲಿಗೇ ಓಡಿದ್ವಿ. ನಾನಂತೂ ಅರ್ಧ ಹೊಲಿದ ಪ್ಯಾಂಟ್ ಹಿಡ್ಕೊಂಡೇ ಓಡಿದೆ. ಒಂದೇ ಕಾಲಿನ ಪ್ಯಾಂಟು."

"ಅಲ್ಲಿಗೆ ಯಾಕೆ ಓಡಿದ್ರಿ? ಕೆಳಗೆ ಬಯಲಿಗೆ ಬರ್ಬೇಕಲ್ವಾ?"

"ಬಯಲಿಗೆ ಯಾಕ್ರೀ? ನಿಮ್ಮ ಗಾಜೇ ಹೇಳ್ತಿದೆಯಲ್ಲ, ಆ ಕೋಣೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ ಅಂತ. ಮೂರನೇ ಮಹಡಿಯ ಕಂಡಕ್ಟರಮ್ಮ ಮಗೂನ ಎಲ್ಲಿ ಬಿಟ್ಟು ಡ್ಯೂಟಿಗೆ ಹೋಗ್ತಾಳೆ ಗೊತ್ತಾ? ಆ ಗಾಜಿನ ಕೆಳಗೇ ತೊಟ್ಟಿಲು ಇಡಿ ಅಂತ ಹೇಳಿ ಇಡಿಸ್ಕೊಂಡಿದ್ದಾಳೆ. ಬಲೇ ಹುಷಾರು ಹೆಂಗಸು."

ಅವನು ಮೆಟ್ಟಿಲ ಗೋಡೆಯ ಗಾಜನ್ನು ನೋಡಿದ. ನಡುವೆ ನೇರವಾಗಿ ಒಡೆದಿತ್ತು. ಒಡೆದ ಅಂಚು ಚೊಕ್ಕವಾಗಿತ್ತು, ಧೂಳು ಕೂತಿರಲಿಲ್ಲ, ಬೆಳಗಿನದೇ. ಮೆಟ್ಟಿಲು ಒಡೆಯುವುದು ಹೊಸದಲ್ಲ, ಅದು ಕಟ್ಟಡಕ್ಕೆ ಪಕ್ಕದಿಂದ ಅಂಟಿಸಿದ ಭಾಗ. ಎಲ್ಲ ನಿಂತಿರುವುದು ನಡುಗೋಡೆಯ ಮೇಲೆ, ಅಕ್ಕನ ಕೋಣೆಯಲ್ಲಿ ಹಾದುಹೋಗುವ ದಪ್ಪ ಗೋಡೆಯ ಮೇಲೆ. ಅದರ ಗಾಜು ಗಟ್ಟಿಯಿರುವ ತನಕ ಜನ ಇರಬಹುದು ಅಂತ ಮೇಡಂ ಹೇಳಿದ್ದರು. ಹಾಗೆ ಹೇಳಿದ್ದು ಅವನ ಮಾತನ್ನು ನಂಬಿ.

ಅಕ್ಕನ ಬಾಗಿಲ ಹೊರಗೆ ಅಂಗೈಯಗಲದ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಭಾವ ಹೋದ ಮೇಲೆ ಅಕ್ಕ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಚಪ್ಪಲಿಗಳ ನಡುವೆ ಒಂದು ದೊಡ್ಡ ಜೊತೆ ಇತ್ತು, ಹಿಮ್ಮಡಿ ಸವೆದದ್ದು. ಅವನ ಮನೆಯ ಹೊಸ್ತಿಲ ಹತ್ತಿರ ದಿನಾ ಸಂಜೆ ಕಾಣುವ ಜೊತೆ. ಅವನು ಅದನ್ನೇ ನೋಡುತ್ತಾ ನಿಂತ. ಆಮೇಲೆ ಒಳಗೆ ಹೋದ.

ಹೆಂಡತಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮಗುವೊಂದಿತ್ತು, ಅವಳ ಕೈಯ ಚಮಚವನ್ನು ಕಿತ್ತುಕೊಳ್ಳಲು ಹೊರಟಿತ್ತು. ಇನ್ನೊಂದು ಮಗು ಅವಳ ಬೆನ್ನು ಹಿಡಿದು ನಿಲ್ಲುವ ಪ್ರಯತ್ನದಲ್ಲಿತ್ತು. ಅವಳು ಅವನನ್ನು ನೋಡಿದಳು. ಬೆಚ್ಚಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವಲ್ಲ ಅದು. ಇಷ್ಟು ದಿನ ಆಯಿತು, ಈಗ ಬಂದಿರಾ ಅನ್ನುವ ಮುಖ. "ದಿನಾ ಬರ್ತಾಳೆ ಕಣೋ" ಅಂದಳು ಅಕ್ಕ, ಬಟ್ಟೆ ಮಡಿಸುತ್ತಾ, ತಲೆಯೆತ್ತದೆ. "ನೀನು ಆ ಕಡೆ ಜೀಪು ಹತ್ತಿದ್ರೆ ಇವಳು ಈ ಕಡೆ ಬಸ್ಸು ಹತ್ತೋದು. ನಿನಗೆ ಹೇಳ್ಬೇಕು ಅಂತಿದ್ಲು. ನಾನೇ ಬೇಡ ಅಂದೆ. ನೀನು ಒಳ್ಳೇದು ಅಂತ ಹೇಳಿ ಜೀಪು ಹತ್ತುತ್ತೀಯ ಅಷ್ಟೇ ಅಂತ ನನಗೆ ಗೊತ್ತಿತ್ತು." ಹಿಂದೆಯೇ ಬಂದ ಟೈಲರ್, "ಏನು, ಯಜಮಾನರಿಗೇ ಗೊತ್ತಿಲ್ವಾ? ಬಿಲ್ಡಿಂಗಿಗೆಲ್ಲ ಗೊತ್ತು!" ಅಂದುಬಿಟ್ಟ. ಅಂದ ಮೇಲೆ ಅನ್ನಬಾರದಿತ್ತೆಂದು ಹೊಳೆದು ಕೆಮ್ಮಿದ. ಬೆಳಗಿನ ಪೌಡರಿನ ವಾಸನೆ ಕೋಣೆಯ ತುಂಬಾ ಇತ್ತು. "ಒಳ್ಳೇದು" ಅಂದ ಅವನು. ಅಕ್ಕ ತಲೆಯೆತ್ತಿ ನಕ್ಕಳು, ನಗುವಿನಲ್ಲಿ ನಗು ಇರಲಿಲ್ಲ.

ಗೋಡೆ ತಿಳಿಹಸಿರು ಬಣ್ಣದ್ದು. ತೊಟ್ಟಿಲ ಮೇಲೆ, ಕೈಗೆಟಕುವ ಎತ್ತರದಲ್ಲಿ, ಬಿರುಕಿಗೆ ಅಡ್ಡಲಾಗಿ ಅವನ ಗಾಜು. ಬಿರಿಯದೆ, ಮಿಂಚುತ್ತಾ. ಮಕ್ಕಳ ಕಾಟ ತಪ್ಪಿಸಲು ಅಕ್ಕ ಅದರ ಸುತ್ತ ಬಣ್ಣದ ಕಾಗದದ ಅಂಚು ಬೇರೆ ಅಂಟಿಸಿದ್ದಳು, ದೇವರ ಪಟದ ಹಾಗೆ. ಬಿರುಕು ಕಾಣಬಾರದೆಂದು ಮೇಲೂ ಕೆಳಗೂ ಮಕ್ಕಳು ಗೀಚಿದ ಚಿತ್ರಗಳನ್ನು ಅಂಟಿಸಿದ್ದಳು. ಅವನು ಟಾರ್ಚು ಹಾಕಿ ನೋಡಿದ, ಗಾಜಿನ ಹೊಳಪಿಗೆ ಹಿಂದಿನ ಬಿರುಕು ಕಾಣಲಿಲ್ಲ. ಗಾರೆಯ ಮೇಲೆ ಅವನೇ ಗೀಚಿದ ತಾರೀಕು, ಅಂಕೆಗಳು ಓರೆಕೋರೆ. ಬೇರೆಲ್ಲೂ ಅಷ್ಟು ಕೆಟ್ಟದಾಗಿ ಗೀಚಿರಲಿಲ್ಲ. "ಸರಿಯಾಗಿದೆ" ಅಂದ. ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದವರು ಒಟ್ಟಿಗೆ ಉಸಿರು ಬಿಟ್ಟರು. ಟೈಲರ್ ತೊಡೆ ತಟ್ಟಿ, "ನಾನು ಹೇಳ್ಲಿಲ್ವಾ!" ಅಂದ. ಅಕ್ಕ, "ಕೂತ್ಕೊ, ಟೀ ಕುಡ್ಕೊಂಡು ಹೋಗು, ಓಡ್ಬೇಡ" ಅಂದಳು. ಅವನು ಟಾರ್ಚು ಆರಿಸಬೇಕಿತ್ತು.

ಒಂದು ಇರುವೆ ಗೋಡೆಯ ಮೇಲೆ ಬಂತು. ಅದರ ಹಿಂದೆ ಇನ್ನೊಂದು. ಬಲಗಡೆಯ ಗಾರೆಯ ಬಿಲ್ಲೆಯ ಹತ್ತಿರ ಬಂದು, ಸುತ್ತಿಕೊಂಡು ಹೋಗದೆ, ಅದರ ಅಡಿಗೇ ಹೊಕ್ಕವು. ಸ್ವಲ್ಪ ಹೊತ್ತಿನಲ್ಲಿ ಬಿಲ್ಲೆಯ ಆಚೆ ಬದಿಯಿಂದ ಹೊರಗೆ ಬಂದವು. ಗೋಡೆಗೆ ಕಚ್ಚಿಕೊಂಡ ಗಾರೆಯ ಅಡಿಯಲ್ಲಿ ಇರುವೆಗೆ ದಾರಿ ಎಲ್ಲಿರುತ್ತದೆ? ಅವನು ಟಾರ್ಚು ಆರಿಸಿದ. ಇರುವೆ ಸಾಲು ಕತ್ತಲಲ್ಲೂ ಹೋಗುತ್ತಿದೆ ಅನ್ನುವುದು ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಹಾಗೂ ಇರಲಿಲ್ಲ. ಅವನು ಗೋಡೆಗೆ ಬೆನ್ನು ಕೊಟ್ಟು ಕೂತ. ಅಕ್ಕ ಲೋಟ ಕೊಟ್ಟಳು. ಟೀ ಬಿಸಿಯಿತ್ತೋ ತಣ್ಣಗಿತ್ತೋ, ನಾಲಿಗೆ ಹೇಳಲಿಲ್ಲ. ನಾಳೆ ಬೆಳಿಗ್ಗೆ ಬಂದರೆ ಆಗದೆ? ಮಕ್ಕಳು ಬರುವ ಮೊದಲೇ ಬಂದು, ಹಳೆಯದಾಯಿತು ಬದಲಾಯಿಸುತ್ತೇನೆ ಅಂತ ಹೇಳಿ, ಬಣ್ಣ ಕೆರೆದು ಹೊಸದು ಕೂರಿಸಿದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಹೊಸ ಗಾಜು ಒಡೆದರೆ ಆಗ ಒಡೆಯಿತು ಅಂತ ಹೇಳಿದರಾಯಿತು. ಒಂದು ಇರುಳಿನ ಮಾತು. ಎಷ್ಟೋ ಇರುಳು ಕಳೆದಿವೆ. ಇಷ್ಟು ಜನ, ಈ ಮಕ್ಕಳು, ಇವಳು, ದಿನಾ, ಈ ಗೋಡೆಯ ಬುಡದಲ್ಲಿ. ಲೆಕ್ಕ ಸಲೀಸಾಗಿತ್ತು. ಅಷ್ಟು ಸಲೀಸಾಗಿ ಬಂತಲ್ಲ ಅಂತ ಮಾತ್ರ ಎಲ್ಲೋ ದೂರದಲ್ಲಿ ಸ್ವಲ್ಪ ಆಶ್ಚರ್ಯವಾಯಿತು.

ಈ ಗಾಜು ಕೂರಿಸಿದ್ದು ಆಸ್ಪತ್ರೆಯಿಂದ ಬಂದ ಕೆಲವೇ ವಾರಕ್ಕೆ. ಅವತ್ತು ಅಕ್ಕ ಹೊಸದಾಗಿ ಬಣ್ಣ ಹೊಡೆಸಿದ್ದಳು. "ಕೆರೀಬೇಡ ಕಣೋ, ಪುಣ್ಯಾತ್ಮ. ನಿನ್ನೆ ತಾನೇ ಒಣಗಿದೆ. ಮಕ್ಕಳ ಮೇಲೆ ಧೂಳು ಬೀಳುತ್ತೆ." ಬೇರೆಯವರ ಮನೆಯಾಗಿದ್ದರೆ ಗದರಿಸಿ ಕೆರೆಯುತ್ತಿದ್ದ. ಇಲ್ಲೂ ಕೆರೆಯಲೆಂದೇ ಕರಣೆ ಎತ್ತಿದ್ದ. ಆಗ ತೊಟ್ಟಿಲಲ್ಲಿ ಮಗು ಅತ್ತಿತು. ಹುಟ್ಟಿ ಮೂರು ತಿಂಗಳೂ ಆಗದ ಮಗು. ಅಳು ಅನ್ನುವುದಕ್ಕಿಂತ ಒಣಗಿದ ಬಾಗಿಲಿನ ಕಿರುಗುಟ್ಟುವಿಕೆ. ಅಕ್ಕ ಅಡುಗೆಮನೆಯಲ್ಲಿದ್ದಳು. "ಪುಟ್ಟ, ಸ್ವಲ್ಪ ತೂಗೋ" ಅಂದಳು. ತೊಟ್ಟಿಲು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಒಂದು ಸಲ ಕೈಚಾಚಿದರೆ ಸಾಕಿತ್ತು. ಅವನ ಕೈ ಗಾರೆಯಲ್ಲಿತ್ತು. ಗಾರೆಯಿಂದ ಎತ್ತಿ ನೇರ ಹಸಿರು ಬಣ್ಣದ ಮೇಲೆ ಮೆತ್ತಿ, ಗಾಜು ಒತ್ತಿ, ಇನ್ನೊಂದು ತುದಿಗೂ ಮೆತ್ತಿ, ಮೊಳೆಯಿಂದ ನಾಲ್ಕು ಗೀಟು ಗೀಚಿ, ಚೀಲ ಎತ್ತಿಕೊಂಡು ಮೆಟ್ಟಿಲಿಳಿದಿದ್ದ. ಅಳು ಕೆಳಗಿನ ಮಹಡಿ ತನಕ ಹಿಂದೆ ಬಂದಿತ್ತು. ಬೀದಿಗೆ ಬಂದು, ಕೈ ತೊಳೆಯದೆ, ಜೀಪಿನೊಳಗೆ ಕೂತು, ಹೋಗೋಣ ಅಂದಿದ್ದ. ಆಮೇಲೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಟಾರ್ಚು ಬಿಟ್ಟು, ಸರಿಯಾಗಿದೆ ಅಂದು ಹೋಗುತ್ತಿದ್ದ. ಇವತ್ತು ಒಳಗೆ ಬಂದದ್ದು ಆ ಹಿಮ್ಮಡಿ ಸವೆದ ಚಪ್ಪಲಿಯಿಂದ.

ಹೆಂಡತಿ ಎದ್ದಳು. ಮಡಿಲ ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಅವಳು ತೊಟ್ಟಿಲ ಹತ್ತಿರ ಬಂದು, ಬಗ್ಗಿ, ಮಗುವನ್ನು ಮಲಗಿಸಿ, ಕತ್ತಿನ ಹಿಂದಿನಿಂದ ಕೈಯನ್ನು ಮೆಲ್ಲಮೆಲ್ಲನೆ ಹೊರಗೆಳೆದುಕೊಂಡಳು. ಆ ಕೈ ಎಷ್ಟು ಮೆಲ್ಲಗೆ ಬಂತೆಂದರೆ, ಇದು ಇವಳಿಗೆ ಎಂದೋ ಬರುತ್ತಿತ್ತು, ಎಂದಿನಿಂದಲೋ ಕಲಿತಿದ್ದಳು ಅನಿಸಿತು. ತೊಟ್ಟಿಲು ಸರಿಯಾಗಿ ಗಾಜಿನ ಕೆಳಗಿತ್ತು. ಅವಳು ಬಗ್ಗಿಯೇ ಇದ್ದಳು. ಅವಳ ತಲೆಯೂ ಗಾಜಿನ ಕೆಳಗಿತ್ತು.

"ಸ್ವಲ್ಪ ಈಚೆ ಬಾ" ಅಂದ ಅವನು.

"ಯಾಕೆ?"

"ತೊಟ್ಟಿಲು ಎಳ್ಕೊ. ಈ ಕಡೆಗೆ."

ಅವಳು ಅವನ ಮುಖ ನೋಡಿದಳು, ತೊಟ್ಟಿಲು ಎಳೆದಳು. ಅವನು ಎದ್ದು ಬಲಗಡೆಯ ಬಿಲ್ಲೆಯ ಅಂಚಿಗೆ ಹೆಬ್ಬೆರಳಿನ ಉಗುರು ಕೊಟ್ಟ. ಬಲ ಹಾಕಬೇಕಾಗಲಿಲ್ಲ. ಒಣಗಿದ ಎಲೆ ಕಳಚಿದಂತೆ ಒಂದು ತುದಿ ಎದ್ದಿತು, ಇನ್ನೊಂದು ತುದಿಯೂ ಅದನ್ನೇ ಕಾಯುತ್ತಿದ್ದಂತೆ ಬಿಟ್ಟುಕೊಟ್ಟಿತು. ಗಾಜು ಗಾರೆ ಸಮೇತ ಇಡಿಯಾಗಿ ಅವನ ಅಂಗೈಗೆ ಬಂತು. ಬಿಲ್ಲೆಗಳ ಬೆನ್ನಿಗೆ ಹಸಿರು ಬಣ್ಣದ ಪೊರೆ ಅಂಟಿತ್ತು. ಇರುವೆಗಳು ದಿಕ್ಕೆಟ್ಟು ಚದುರಿದವು. ಅವನು ಚಿತ್ರಗಳ ಕಾಗದವನ್ನು ಮೇಲಿಂದ ಕೆಳಗೆ ಎಳೆದ. ಬಿರುಕು ಸೂರಿನಿಂದ ನೆಲದ ತನಕ ಇತ್ತು. ಅವತ್ತು ಅದು ಪೆನ್ಸಿಲಿನ ಗೆರೆಯಷ್ಟಿತ್ತು. ಈಗ ಅವನ ಕಿರುಬೆರಳು ಒಳಗೆ ಹೋಯಿತು. ಒಳಗಿನಿಂದ ತಣ್ಣನೆಯ ಗಾಳಿ ಬಂದು ಬೆರಳಿಗೆ ತಾಕಿತು.

"ಏನ್ರೀ ಇದು!" ಟೈಲರ್ ಮುಂದೆ ಬಂದ. "ಚೆನ್ನಾಗಿದ್ದದ್ದನ್ನ ಕಿತ್ತು ಹಾಕಿಬಿಟ್ರಲ್ಲ!"

"ಇದು ಗೋಡೆ ಮೇಲೆ ಕೂತಿರ್ಲಿಲ್ಲ. ಬಣ್ಣದ ಮೇಲೆ ಕೂತಿತ್ತು."

"ಅಂದ್ರೆ?"

"ಅಂದ್ರೆ ಇದು ಒಡೀತಾನೇ ಇರ್ಲಿಲ್ಲ. ಗೋಡೆ ಬಿದ್ರೂ ಒಡೀತಿರ್ಲಿಲ್ಲ."

 ಟೈಲರ್ ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಸಣ್ಣ ದನಿಯಲ್ಲಿ, "ಬೆಳಿಗ್ಗೆ ಎಲ್ಲಾ ಇಲ್ಲೇ ನಿಂತಿದ್ವಲ್ರೀ" ಅಂದ. ಅಕ್ಕ ಮಡಿಸಿದ ಬಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದಳು. "ನಾನೇ ಕಣೋ ಕೆರೀಬೇಡ ಅಂದಿದ್ದು" ಅಂದಳು. ಹೇಳಿದ್ದು ಅವನಿಗಲ್ಲ, ಬಾಗಿಲಲ್ಲಿ ನಿಂತವರಿಗೆ. ಚಿಕ್ಕಂದಿನಲ್ಲಿ ಅವನು ಒಡೆದ ಲೋಟಗಳಿಗೆಲ್ಲ ಅವಳೇ ಹೀಗೆ ಬೈಗುಳ ತಿಂದಿದ್ದಳು. "ನನ್ನ ಬಣ್ಣದ ಹುಚ್ಚು. ಅವನದೇನಿಲ್ಲ ಇದರಲ್ಲಿ."

"ನೀನು ಬೇಡ ಅಂದ್ರೂ ಕೆರೀಬೇಕಿತ್ತು. ಎಲ್ಲರ ಮನೇಲೂ ಕೆರೀತೀನಿ."

"ಮತ್ತೆ ಇಲ್ಲಿ ಯಾಕೆ ಕೆರೀಲಿಲ್ಲ?" ಕೇಳಿದ್ದು ಹೆಂಡತಿ.

ಅವನು ಕೈಯ ಗಾಜನ್ನು ನೋಡಿದ. ಕಿಟಕಿಯ ಬೆಳಕು ಅದರಲ್ಲಿ ಆ ತುದಿಯಿಂದ ಈ ತುದಿಗೆ ಸರಿಯಿತು. ಎಲ್ಲೂ ಒಂದು ಸೀಳಿಲ್ಲ. ಧೂಳು, ಹೊತ್ತು, ಕೆಲಸ, ಅಕ್ಕನ ಮಾತು: ಹೇಳಲು ಬೇಕಾದಷ್ಟಿತ್ತು, ಯಾವುದನ್ನು ಹೇಳಿದರೂ ನಂಬುತ್ತಿದ್ದರು.

"ಮಗು ಅಳ್ತಿತ್ತು" ಅಂದ.

ಟೈಲರನಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತೋ ಏನೋ, ಬಟ್ಟೆಯಲ್ಲಿ ಮುಖ ಒರೆಸಿಕೊಂಡಳು.  ಹೆಂಡತಿ ಸೆರಗು ಸೊಂಟಕ್ಕೆ ಬಿಗಿದು, "ಅತ್ತಿಗೆ, ಮೊದ್ಲು ನಡೆಯೋಕೆ ಬರದೋರನ್ನ ಇಳಿಸೋಣ" ಅಂದಳು.

ಆಮೇಲೆ ನಡೆದದ್ದರಲ್ಲಿ ಗಡಿಬಿಡಿ ಇರಲಿಲ್ಲ, ಬೇಸರವಿತ್ತು. ಎಲ್ಲರೂ ಇಳಿಯಬೇಕು, ಮೇಡಂ ಬಂದು ನೋಡುವ ತನಕ ಯಾರೂ ಒಳಗೆ ಹೋಗುವಂತಿಲ್ಲ ಅಂತ ಅವನು ಮಹಡಿ ಮಹಡಿಗೂ ಹೇಳಿ ಬಂದ. ಜನ ಗೊಣಗಿದರು. ಒಲೆ ಮೇಲೆ ಇಟ್ಟಿದ್ದೀನಿ ಅಂದರು ಒಬ್ಬರು. ಗಾಜು ಒಡೆದರೆ ಇಳಿಸ್ತಾರೆ ಅಂತ ಕೇಳಿದ್ದೆ, ಒಡೆಯದೇ ಇದ್ರೂ ಇಳಿಸ್ತಾರಾ ಅಂದರು ಇನ್ನೊಬ್ಬರು. ನಿಂದು ಕೆಲಸಾನೋ, ತಮಾಷೆನೋ ಅಂತ ಮೇಲಿನ ಮಹಡಿಯ ಮುದುಕಿ ಅವನ ಮುಖದ ಹತ್ತಿರ ಬೆರಳು ತಂದು ಕೇಳಿದಳು. ಅವನು, ತಪ್ಪು ನಂದೇ ಅಜ್ಜಿ, ಇಳೀರಿ ಅಂದ. ಫೋನಿನಲ್ಲಿ ಮೇಡಂಗೆ ಹೇಳಿದ.  "ಬಣ್ಣದ ಮೇಲೆ," ಅಂದರು ಅವರು. "ನೀವು." ಅಷ್ಟೇ ಅಂದು, ಬರುತ್ತೇನೆ ಅಂದರು. ಜೀಪಿನಲ್ಲಿ ಇನ್ನು ಮೇಲೆ ಬೇರೆ ಯಾರೋ ಕೂರುತ್ತಾರೆ ಅಂತ ಅವನಿಗೆ ತಿಳಿಯಿತು, ನಾಳೆ ಯಾವ ವಾರ ಅಂತ ತಿಳಿದ ಹಾಗೆ.

ಅವನು ಮತ್ತೆ ಕೋಣೆಗೆ ಬಂದಾಗ ತೊಟ್ಟಿಲು ಖಾಲಿಯಾಗಿತ್ತು. ಅಕ್ಕ ಕೈಗೊಂದರಂತೆ ಮಕ್ಕಳನ್ನು ಹಿಡಿದು ಇಳಿಯುತ್ತಿದ್ದಳು. ಹೆಂಡತಿಯ ತೋಳಿನಲ್ಲಿ ಒಂದು ಮಗು, ಕಾಲ ಬಳಿ ಇನ್ನೊಂದು. "ಹಿಡ್ಕೊಳ್ಳಿ" ಅಂದಳು, ತೋಳಿನದನ್ನು ಮುಂದೆ ಚಾಚಿ. ಕಂಡಕ್ಟರಮ್ಮನ ಮಗು. ಅವತ್ತು ಅತ್ತದ್ದು ಇದೇ ಇರಬೇಕು. ಈಗ ಹಲ್ಲು ಬಂದಿತ್ತು. ಅವನು ಎರಡೂ ಅಂಗೈ ಮುಂದೆ ಚಾಚಿದ, ಮೊಣಕೈ ಪಕ್ಕೆಗೊತ್ತಿ, ಚಪ್ಪಟೆಯಾಗಿ. ಅವಳು ಅವನ ಮೊಣಕೈಯನ್ನು ತನ್ನ ಮೊಣಕೈಯಿಂದ ಒಮ್ಮೆ ಮೇಲಕ್ಕೆ ತಳ್ಳಿದಳು. ಅಷ್ಟಕ್ಕೇ ಮಗು ಅವನ ಎದೆಯ ಮೇಲೆ ಒರಗಿತು. ನಿದ್ದೆಯಿಂದ ಎದ್ದ ಮಗುವಿನ ಬಿಸಿ, ತೂಕ. ಗಾಜಿನ ಕಟ್ಟಿನಷ್ಟಲ್ಲ. ಕಟ್ಟು ಹೀಗೆ ಒದೆಯುವುದಿಲ್ಲ, ಅಂಗಿಯ ಗುಂಡಿ ಕಚ್ಚುವುದಿಲ್ಲ. ಅವನು ಒಂದೊಂದೇ ಮೆಟ್ಟಿಲು ಕಾಲಿನಿಂದ ಮುಟ್ಟಿ ನೋಡಿ ಇಳಿದ. ಒಡೆದ ಗಾಜಿನ ಹತ್ತಿರ ಬಂದಾಗ ಅದಕ್ಕೆ ಬೆನ್ನು ತಾಗದ ಹಾಗೆ ಸರಿದ.

ಬಯಲಲ್ಲಿ ಎಲ್ಲರೂ ತಲೆಯೆತ್ತಿ ಕಟ್ಟಡವನ್ನು ನೋಡುತ್ತಾ ನಿಂತಿದ್ದರು. ಕಟ್ಟಡ ಒದ್ದೆ ಬಟ್ಟೆಗಳನ್ನು ಹೊತ್ತು ಹಾಗೇ ನಿಂತಿತ್ತು. ಕಿಟಕಿಯೊಂದರಲ್ಲಿ ಟೈಲರನ ಒಂದೇ ಕಾಲಿನ ಪ್ಯಾಂಟು ನೇತಾಡುತ್ತಿತ್ತು. "ಏನೂ ಆಗ್ಲಿಲ್ವಲ್ಲ" ಅಂದ ಟೈಲರ್, ಸಮಾಧಾನವೋ ನಿರಾಸೆಯೋ ಅವನಿಗೇ ತಿಳಿಯದ ದನಿಯಲ್ಲಿ.  ಡ್ರೈವರ್ ಜೀಪಿಗೆ ಒರಗಿ ನಿಂತವನು ಏನೋ ತಮಾಷೆ ಮಾಡಲು ಹೊರಟು, ಅವನ ತೋಳಿನಲ್ಲಿದ್ದದ್ದನ್ನು ಕಂಡು ಸುಮ್ಮನಾದ. ಅಕ್ಕ ಮಕ್ಕಳನ್ನು ಸಾಲಾಗಿ ಕೂರಿಸುತ್ತಾ, "ಲೋ, ಆ ಗಾಜೆಲ್ಲಿ? ಮೇಲೇ ಬಿಟ್ಟು ಬಂದ್ಯಾ?" ಅಂದಳು. ಜೇಬಿನಲ್ಲಿತ್ತು. ಮಗುವಿನ ಕಾಲಿಗೆ ತಾಗೀತೆಂದು ಒಂದು ಕೈಯಿಂದ ಹೊರಗೆ ತೆಗೆದು ಅವಳಿಗೆ ಕೊಟ್ಟ.

ಆಗ ಮಗು ಅವನ ಕೆನ್ನೆಯ ಪೇಪರ್ ಚೂರನ್ನು ಕಂಡಿತು. ತುಂಬ ಹೊತ್ತು ಅದನ್ನೇ ಗಮನಿಸಿತು. ಆಮೇಲೆ ಎರಡು ಬೆರಳಿನಿಂದ, ಅಷ್ಟು ಸಣ್ಣ ಬೆರಳಿಗೆ ಎಷ್ಟು ಬಲವಿರಬಹುದೋ ಅಷ್ಟೂ ಹಾಕಿ, ಎಳೆಯಿತು. ಒಣಗಿದ ಪೇಪರ್ ಗಾಯದ ಮೇಲ್ಪದರವನ್ನು ಕಿತ್ತುಕೊಂಡು ಬಂತು. ಚುರ್ ಅಂದಿತು. ಕಿವಿಯ ಬುಡದಿಂದ ಕುತ್ತಿಗೆಯ ತನಕ, ಕಾದ ತಂತಿ ಎಳೆದ ಹಾಗೆ. ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

"ಉರೀತಿದೆ" ಅಂದ.

ಅವಳು ಗಾಯ ನೋಡಿದಳು. ಮಗುವನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ.

"ಉರೀಲಿ" ಅಂದಳು.